ಎರಡು ಚುಕ್ಕೆ

ವೊಲೊಂಗಾಂಗ್. ಜುಲೈ ತಿಂಗಳ ಚಳಿ. ಬೆಳಗಿನ ಜಾವ ನಾಲ್ಕೂಕಾಲು.
ಯಂತ್ರದ ಕೋಣೆಯಲ್ಲಿ ನಾನೊಬ್ಬಳೇ.
ಹಸಿರು ಅಕ್ಷರಗಳಿಗೆ ಕೇಳಿದೆ:
ಈಗ ನಾನು ಎಲ್ಲಿದ್ದೇನೆ?

ಕ್ಷಣ ತಡೆದು ಉತ್ತರ ಬಂತು.
ಆ ಕ್ಷಣದೊಳಗೆ ಏನು ನಡೆಯುತ್ತದೆಂದು
ಅದರ ಒಳಗನ್ನು ಬಿಚ್ಚಿ ಓದಿದ ಮೇಲೆ ತಿಳಿಯಿತು.
ಅದಕ್ಕೂ ಗೊತ್ತಿರಲಿಲ್ಲ.

ತಾನು ನಿಂತ ಡೈರೆಕ್ಟರಿಯ ಹೆಸರು
ಪ್ರೋಗ್ರಾಮಿಗೆ ಗೊತ್ತಿಲ್ಲ, ಡೈರೆಕ್ಟರಿಗೂ ಗೊತ್ತಿಲ್ಲ.
ಅದಕ್ಕಿರುವುದು ಒಂದು ಸಂಖ್ಯೆ. ೨೯೧೭ ಅನ್ನಿ.
ಮಕ್ಕಳ ಹೆಸರು ಬರೆದ ಒಂದು ಪಟ್ಟಿ,
ಪಟ್ಟಿಯ ತಲೆಯಲ್ಲಿ ಎರಡು ಸಾಲು:
ಒಂದು ಚುಕ್ಕೆ ಎಂದರೆ ತಾನು,
ಎರಡು ಚುಕ್ಕೆ ಎಂದರೆ ತನ್ನನ್ನು ಹೆತ್ತದ್ದು.
ತನ್ನ ಬೆನ್ನು ತನಗೆ ಕಾಣದು;
ಹೆಸರು ಇರುವುದು ಹೆತ್ತವರ ಪುಸ್ತಕದಲ್ಲಿ.

ಹಾಗಾಗಿ ಏರಬೇಕು.
ಮೇಲಿನ ಮನೆಯ ಬಾಗಿಲು ಬಡಿದು, ಪುಸ್ತಕ ತೆಗೆಸಿ,
ಸಾಲಿನಿಂದ ಸಾಲಿಗೆ ಬೆರಳು ಜಾರಿಸುತ್ತ
೨೯೧೭ ಯಾರು, ೨೯೧೭ ಯಾರು,
ಸಿಕ್ಕಿತು: ಲ್ಯುಪ್ಕಾ.
ಆದರೆ ಈ ಮನೆಯ ಹೆಸರೇನು? ಅದಕ್ಕೂ ತಿಳಿಯದು.
ಮತ್ತೆ ಎರಡು ಚುಕ್ಕೆ, ಮತ್ತೊಂದು ಬಾಗಿಲು.
ನಡುವೆಲ್ಲೋ ಡಿಸ್ಕೇ ಬೇರೆಯಾಗುತ್ತದೆ.
ಗಡಿ ದಾಟಿದರೆ ಅದೇ ಸಂಖ್ಯೆಗೆ ಇನ್ನೊಬ್ಬ ಹಕ್ಕುದಾರ,
ಅಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಬೇಕು
ನೀನು ಯಾವ ಡಿಸ್ಕಿನವನಪ್ಪಾ ಎಂದು.
ಕೊನೆಗೊಂದು ಮನೆ,
ಅಲ್ಲಿ ಒಂದು ಚುಕ್ಕೆಯೂ ಎರಡು ಚುಕ್ಕೆಯೂ ಒಂದೇ,
ತನ್ನನ್ನು ತಾನೇ ಹೆತ್ತದ್ದು.
ಅದು ಬೇರು. ಈ ಮರಕ್ಕೆ ಬೇರು ಮೇಲೆ.
ದಾರಿಯುದ್ದಕ್ಕೂ ಆಯ್ದ ಹೆಸರುಗಳನ್ನು
ಹಿಂದುಮುಂದಾಗಿ ಪೋಣಿಸಿದರೆ ವಿಳಾಸ.

ಐದೂವರೆಗೆ ಅಪ್ಪ ಬಂದ,
ಉಕ್ಕಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ,
ಹುಬ್ಬಿನಲ್ಲಿ ಇನ್ನೂ ಕಬ್ಬಿಣದ ಧೂಳು.
ಕೋಟಿನ ಜೇಬಿಂದ ಪಿಂಚಣಿಯ ಅರ್ಜಿ ತೆಗೆದ.
ಎಲ್ಲ ತುಂಬಿದ್ದಾನೆ: ಟ್ರಾಯ್ಕೊ, ವಯಸ್ಸು, ಬೀದಿ, ಬಾಗಿಲ ನಂಬರು.
ಹುಟ್ಟಿದ ಊರು ಖಾಲಿ.

ಅವನ ಊರು ಯಾಬೊಲ್‌ನಿಕ್. ಸೇಬಿನ ಊರು.
ಅವನು ತೊಟ್ಟಿಲಲ್ಲಿ ಮಲಗಿದ್ದ, ಅಲುಗಿರಲಿಲ್ಲ;
ಮೇಲಿನ ಪುಸ್ತಕದಲ್ಲಿ ಯಾರೋ ಒಂದು ಸಾಲು ಹೊಡೆದುಹಾಕಿ
ಬೇರೆ ಹೆಸರು ಬರೆದರು.
ಸಂಖ್ಯೆ ಅದೇ. ನೆಲ ಅದೇ. ಮರದಲ್ಲಿ ಅದೇ ಹುಳುಕು ಸೇಬು.
ನಕ್ಷೆಯಲ್ಲಿರುವ ಆ ಹೆಸರನ್ನು
ಅವನು ಈವರೆಗೆ ನಾಲಗೆಗೆ ತಂದಿಲ್ಲ.

ನಮ್ಮ ಹೊಸ ಶೆಲ್ಲೂ ಹೀಗೆಯೇ, ಹಟಮಾರಿ.
ಏರುವುದಿಲ್ಲ, ಬಾಗಿಲು ಬಡಿಯುವುದಿಲ್ಲ.
ಬಂದ ದಾರಿಯನ್ನು ನೆನಪಿಟ್ಟುಕೊಂಡು
ಕೇಳಿದಾಗಲೆಲ್ಲ ಅದನ್ನೇ ಒಪ್ಪಿಸುತ್ತದೆ,
ಅಷ್ಟರಲ್ಲಿ ಹೆಸರು ಬದಲಾಗಿದ್ದರೂ.

ಜನನಪತ್ರಕ್ಕೆಂದು ಅಪ್ಪ ಮೂರು ಸಲ ಬರೆದ.
ಪುಸ್ತಕ ಇದೆಯಂತೆ; ತೋರಿಸುವುದಿಲ್ಲವಂತೆ.
ಇದೂ ನನಗೆ ಹೊಸದಲ್ಲ:
ನಡುವಿನ ಒಂದು ಮನೆ ಓದಗೊಡದಿದ್ದರೆ
ಏರುವುದು ಅಲ್ಲಿಗೆ ನಿಂತಿತು.

ನನ್ನ ಪರದೆಯನ್ನು ನೋಡುತ್ತ ಕೇಳಿದ,
ಇದು ಒಳಗೆ ಕೂತಿರುವಾಗಲೇ
ಹೊರಗಿನಿಂದ ಯಾರಾದರೂ ಮನೆಯನ್ನೇ ಅಳಿಸಿಬಿಟ್ಟರೆ?
ಮಾಡಿ ತೋರಿಸಿದೆ, ಪಕ್ಕದ ಟರ್ಮಿನಲ್ಲಿನಿಂದ.
ಪಟ್ಟಿಯಲ್ಲಿ ಸಾಲಿಲ್ಲ. ಎರಡು ಚುಕ್ಕೆಯೂ ಹೋಯಿತು.
ಎಲ್ಲಿದ್ದೀಯೆ ಅಂದರೆ ತಡವರಿಸುತ್ತದೆ.
ಆದರೂ ಕೂತಿದೆ.
ಕೂತವರಲ್ಲಿ ಕೊನೆಯವರು ಎದ್ದು ಹೋಗುವ ತನಕ
ಕೆಳಗಿನ ನೆಲವನ್ನು ಯಾರಿಗೂ ಕೊಡುವುದಿಲ್ಲ,
ಅದು ಈ ಯಂತ್ರದ ಕಾನೂನು.

ಒಳ್ಳೆ ಕಾನೂನು, ಅಂದ ಅಪ್ಪ.
ಫ್ಲಾಸ್ಕಿನಲ್ಲಿ ಉಳಿದ ಕಾಫಿಯನ್ನು ಇಬ್ಬರೂ ಕುಡಿದೆವು.
ಆಮೇಲೆ ಪೆನ್ನಿನ ಮುಚ್ಚಳ ತೆಗೆದು,
ಅರ್ಜಿಯನ್ನು ಕೀಲಿಮಣೆಯ ಮೇಲೆ ಹರವಿ, ಕೇಳಿದ:
ಯಾಬೊಲ್‌ನಿಕ್‌ಗೆ ಇಂಗ್ಲಿಷಿನಲ್ಲಿ
ಜೆ ಹಾಕಬೇಕೋ, ವೈ ಹಾಕಬೇಕೋ?

ನನಗೂ ಗೊತ್ತಿರಲಿಲ್ಲ.