ಕುಡಿ

ಉಸ್ತಾದ್ ಮೊಹಿಯುದ್ದೀನರ ಮಂಡಿ ಕೈಕೊಟ್ಟಿತು,
ಹಾಗಾಗಿ ಪಾಸ್‌ಪೋರ್ಟಿನಲ್ಲಿ ನನ್ನ ಮುಖ ಬಂತು.
ಬೀದರಿನಾಚೆ ನಾನು ಕಂಡದ್ದು ಹುಮನಾಬಾದ್, ಜಹೀರಾಬಾದ್,
ಒಮ್ಮೆ ಹೆರಿಗೆಗೆಂದು ಹೈದರಾಬಾದ್.
ಆಬಾದ್ ಇಲ್ಲದ ಊರಿಗೆ ಹೊರಟದ್ದು ಇದೇ ಮೊದಲು.

ಪೆಟ್ಟಿಗೆಯಲ್ಲಿ ಎರಡು ಸುರಾಹಿ, ಉಳಿ, ಬೆಳ್ಳಿಯ ತಂತಿ,
ಹಾರ್ಲಿಕ್ಸ್ ಡಬ್ಬಿಯಲ್ಲಿ ಕೋಟೆಯ ಮಣ್ಣು:
ಬಿಸಿಲು ಬೀಳದ, ಮಳೆ ತಾಗದ,
ಗೋಡೆಯ ಹೊಟ್ಟೆಯೊಳಗಿನ ಮಣ್ಣು.
ಅಧಿಕಾರಿ ಮುಚ್ಚಳ ತೆಗೆದ. ಏನಿದು?
ಕಪ್ಪು ಬಣ್ಣ, ಅಂದೆ.
ಕೆಂಪಗಿದೆಯಲ್ಲ?
ಆಗ್ತದ ಸಾಹೇಬ್ರ, ಕುದಿಸಬೇಕು.

ಜಾರ್ಜಿಯಾ ಅಂತ ಆ ದೇಶ.
ಮೊದಲ ದಿನ ದೊಡ್ಡ ಶಹರ, ಗಂಧಕದ ಬಿಸಿನೀರಿನ ಹಮಾಮು,
ನೆಲಕ್ಕಂಟಿದ ಇಟ್ಟಿಗೆಯ ಗುಮ್ಮಟಗಳು.
ಅಷ್ಟೂರಿನ ಗೋರಿಗಳೆಲ್ಲ ಕುತ್ತಿಗೆಮಟ ನೀರಿಗಿಳಿದು
ತಲೆ ಮಾತ್ರ ಹೊರಗಿಟ್ಟು ಕೂತ ಹಾಗೆ.
ಮರುದಿನ, ಹೆಸರು ಹೇಳಹೋದರೆ ನಾಲಿಗೆ ಎಡವುವ ಒಂದು ಊರು.
ಅಲ್ಲಿ ಎರಡು ನದಿ ಕೂಡುತ್ತವೆ, ಒಂದು ಕಂದು, ಒಂದು ಹಸಿರು,
ಸ್ವಲ್ಪ ದೂರ ಮಾತಿಲ್ಲದೆ ಜೊತೆಗೇ ನಡೆಯುತ್ತವೆ
ಲಗ್ನವಾದ ಮೊದಲ ವಾರದಂತೆ.

ಕೋಟೆ ಬಂದಲ್ಲೆಲ್ಲ ಉಳಿದವರು ತಲೆ ಎತ್ತಿದರು.
ನಾನು ಬುಡ ಹುಡುಕಿದೆ.
ಬಿರುಕಿಗೆ ಬೆರಳು ತೂರಿಸಿ, ಚಿಟಿಕೆ ತೆಗೆದು ನಾಲಿಗೆಗಿಟ್ಟೆ.
ಚನ್ನಪಟ್ಟಣದ ಗೊಂಬೆಯವರು, ಕಾಶ್ಮೀರದ ಶಾಲಿನವರು
ನಾಲ್ಕು ಹೆಜ್ಜೆ ದೂರ ಸರಿದು ನಿಂತರು.

ಮೂರನೆಯ ದಿನ ಅಲಜಾನಿ ಕಣಿವೆ.
ಕೇತೇವಾನ್ ಎಂಬ ಮುದುಕಿಯ ಮನೆ.
ನೆಲದಲ್ಲಿ ಹೂತ ಆಳೆತ್ತರದ ಮಡಕೆಗಳು, ಬಾಯಿ ಮಾತ್ರ ಮೇಲೆ.
ಬಗ್ಗಿದರೆ ನಮ್ಮ ಕರೇಜಿನ ಬಾವಿಯದೇ ಕತ್ತಲು,
ವಾಸನೆ ಮಾತ್ರ ಬೇರೆ.
ಸೌಟಿನಿಂದ ಮೊಗೆದು ಕೊಟ್ಟಳು:
ಸುಮ್ಮನೆ ನುಂಗಬೇಡ, ಬಾಯೊಳಗೆ ತಿರುಗಿಸು,
ಮಣ್ಣು ಸಿಗುತ್ತದೆ.
ಹದಿನೆಂಟು ವರ್ಷ ಮಣ್ಣು ನೆಕ್ಕಿದವಳಿಗೆ
ಹೇಳುತ್ತೀಯಾ, ಅಜ್ಜಿ!
ಕುಡಿದೆ. (ನಮ್ಮ ಓಣಿಯಲ್ಲಿ ಹೇಳಬೇಡಿ.)
ಮೊದಲು ಒಗರು, ಆಮೇಲೆ ಹುಣಸೆ,
ತೀರಾ ಕೊನೆಗೆ, ದೂರದಲ್ಲೆಲ್ಲೋ, ಒಂದು ಸುಟ್ಟ ಇಟ್ಟಿಗೆ.

ನಾನು ಡಬ್ಬಿ ಬಿಚ್ಚಿದೆ. ಅವಳೂ ಬೆರಳದ್ದಿದಳು,
ಮುಖ ಸಿಂಡರಿಸಿದಳು, ಕಣ್ಣು ಮುಚ್ಚಿದಳು.
ಬಹಳ ಹೊತ್ತಿನ ಮೇಲೆ ಅಂದಳು: ಉಪ್ಪು. ಹಳೆಯದು.

ಸುರಾಹಿ ತುಂಬಿಸಲು ಬಂದಾಗ ತಡೆದೆ.
ಬೇಡ, ಇದು ಸತುವು,
ಇದರಲ್ಲಿಟ್ಟದ್ದು ಕುಡಿಯಬಾರದು.
ಮತ್ತೆ ಯಾಕೆ ಮಾಡುತ್ತೀರಿ?
ದುಭಾಷಿ ಹುಡುಗ ನನ್ನ ಉತ್ತರಕ್ಕೆ ಕಾಯುತ್ತ ನಿಂತ.
ನಾನು ತೋಟದ ಕಡೆ ನಡೆದೆ.

ಅಂಗೂರಿನ ಹಣ್ಣು ಕಂಡವಳು, ಚೌಬಾರದ ತಳ್ಳುಗಾಡಿಯಲ್ಲಿ.
ಬಳ್ಳಿ ಕಂಡವಳಲ್ಲ.
ಆದರೂ ಹದಿನೆಂಟು ವರ್ಷ ಕೆತ್ತಿದ್ದು ಅದನ್ನೇ:
ಎಲೆ, ಎಲೆಯ ಕಂಕುಳಿಂದ ಸುರುಳಿ ಸುತ್ತಿ ಹೊರಡುವ ಕುಡಿ,
ಮತ್ತೆ ಎಲೆ, ಮತ್ತೆ ಕುಡಿ.
ಇಲ್ಲಿ ಕಂಕುಳಲ್ಲಿ ಕುಡಿಯೇ ಇಲ್ಲ.
ಎಲೆಗೆ ಬೆನ್ನು ತಿರುಗಿಸಿ, ಆಚೆ ಬದಿಯಿಂದ,
ಮುನಿಸಿಕೊಂಡವಳ ಹಾಗೆ ಹೊರಟಿದೆ.
ಸಾಲಿನಿಂದ ಸಾಲಿಗೆ ಓಡಿದೆ. ಎಲ್ಲವೂ ಹಾಗೆಯೇ.
ನಾನು ತಪ್ಪು, ಉಸ್ತಾದರು ತಪ್ಪು, ಅವರ ಅಬ್ಬಾ ತಪ್ಪು,
ಷೋಕೇಸುಗಳ ಗಾಜಿನ ಹಿಂದೆ ಮಿನುಗುತ್ತ ಕೂತ
ನಮ್ಮ ಅಷ್ಟೂ ಬೆಳ್ಳಿ ತಪ್ಪು.

ವಾಪಸು ಬಂದು ಎಲ್ಲ ಹೇಳಿದೆ.
ಕರ್ಚೀಫಿನಲ್ಲಿ ಕಟ್ಟಿ ತಂದ ಅಲಜಾನಿಯ ಮಣ್ಣನ್ನು
ಉಸ್ತಾದರು ನಾಲಿಗೆಗಿಟ್ಟು ಉಗುಳಿದರು. ಫೀಕಾ.
ಕುಡಿಯ ಸುದ್ದಿಗೆ ಏನೂ ಅನ್ನಲಿಲ್ಲ,
ತಂತಿ ಬಡಿಯುತ್ತಿದ್ದ ಸುತ್ತಿಗೆ ಮಾತ್ರ ಎರಡು ಪೆಟ್ಟು ತಪ್ಪಿತು.

ಒಂದು ಸುರಾಹಿ ಸರಿಯಾಗಿ ಕೆತ್ತಿದೆ,
ಕಂಡದ್ದು ಕಂಡ ಹಾಗೆ.
ನವಸಾಗರ ಹಾಕಿ ಕೋಟೆಯ ಮಣ್ಣಲ್ಲಿ ಕುದಿಸಿದೆ,
ಕಪ್ಪು ಕಪ್ಪಾಯಿತು, ಬೆಳ್ಳಿ ಬೆಳ್ಳಿಯಾಗಿ ಉಳಿಯಿತು.
ಎರಡು ದಿನಕ್ಕೆ ಅಂಗಡಿಯವನು ತಿರುಗಿ ಕಳಿಸಿದ:
ಬಾಯಿ, ಡಿಸೈನ್ ತಪ್ಪಾಗ್ಯದ.
ಅಂಗೂರಿನ ಬಳ್ಳಿ ಎಲ್ಲರೆ ಹಿಂಗ ಇರ್ತದೇನು?