ಖಾಲಿ ತೂಕ

ಬರುವಾಗ ಒಮ್ಮೆ ತೂಗು,
ಸುರಿದು ಹೋಗುವಾಗ ಇನ್ನೊಮ್ಮೆ.
ತುಂಬಿದ್ದರಿಂದ ಖಾಲಿಯನ್ನು ಕಳೆ. ಉಳಿದದ್ದು ಗೋಧಿ.
ನಲವತ್ತೊಂದು ಸುಗ್ಗಿ
ಕಾನ್ಸಸ್ಸಿನ ಪಡುವಣ ಬಯಲಲ್ಲಿ, ಕಣಜದ ಬುಡದ ಈ ಕಿಟಕಿಯಲ್ಲಿ
ಇಷ್ಟೇ ನನ್ನ ವಿದ್ಯೆ.

ಗೋಧಿ ಒಂದು ಕಾಳೂ ನೆನಪಿಲ್ಲ.
ರೈಲು ಹತ್ತಿತು, ಯಾರದೋ ರೊಟ್ಟಿಯಾಯಿತು.
ನನಗೆ ಬಾಯಿಪಾಠ ಇರುವುದೆಲ್ಲ
ಕಳೆದದ್ದು.

ಲಿಯೋನಾ ಫಾನೆನ್‌ಸ್ಟೀಲ್‌ಳ ಹಸಿರು ಫೋರ್ಡು: ಮೂರು ಸಾವಿರದ ಒಂಬೈನೂರು,
ಏರು ಹತ್ತುವಾಗ ಮೂಗಿನಲ್ಲಿ ಹಾಡುವುದು.
ಬೀಕರ್ ಅಣ್ಣತಮ್ಮಂದಿರ ಡಾಡ್ಜು, ಬಾಗಿಲಿಗೆ ಹಗ್ಗ,
ನಿಲ್ಲಿಸಿದ ಮೇಲೂ ನಾಲ್ಕು ಸಲ ಕೆಮ್ಮಿ
ಆಮೇಲೆ ಸುಮ್ಮನಾಗುವುದು.
ಚೀಟಿಯಿಂದ ಕಣ್ಣೆತ್ತದೆ ಹೇಳುತ್ತಿದ್ದೆ ಬಂದವರಾರೆಂದು.

ಅಲೋಯಿಸ್ ಡ್ರೈಲಿಂಗನ ಇಂಟರ್‌ನ್ಯಾಷನಲ್ಲು
ಕಿವಿಗಿಂತ ಮೊದಲು ಕುರ್ಚಿಗೆ ತಿಳಿಯುತ್ತಿತ್ತು.
ಆರು ಸಿಲಿಂಡರು, ಎರಕದ ಕಬ್ಬಿಣ,
ಅವಸರವೆಂಬುದನ್ನು ಕಲಿಯದ ಎಂಜಿನ್ನು.
ಮೇಜಿನ ಮೇಲಿನ ಕಾಫಿಯಲ್ಲಿ ಉಂಗುರ ಏಳುತ್ತಿತ್ತು.

ತೂಗುವಾಗ ಇಳಿಯಬೇಕು, ಅದು ನಿಯಮ.
ಅವನು ಇಳಿಯುತ್ತಿರಲಿಲ್ಲ.
‘ಎರಡು ಸಲವೂ ನಾನಿದ್ದೇನೆ, ಎರಡು ಸಲವೂ ನಾಯಿಯಿದೆ,
ಲೆಕ್ಕ ತಪ್ಪುವುದು ಎಲ್ಲಿ?’
ಹಾಗಾಗಿ ಬರೆದುಕೊಂಡೆ, ಆಳು ನಾಯಿ ಸಮೇತ:
ನಾಲ್ಕು ಸಾವಿರದ ಆರುನೂರಾ ಇಪ್ಪತ್ತು.

ಒಂದು ಸಲ ತಪ್ಪಿತು. ಎರಡು ತೂಕದ ನಡುವೆ
ಮೊಲ ಕಂಡು ಹಾರಿತು ಮುಟ್ಸ್.
ನಲವತ್ತು ಪೌಂಡು ನಾಯಿ
ಗೋಧಿಯ ದರಕ್ಕೆ ಮಾರಿಹೋಯಿತು.
ಮರುದಿನ ಬೆಳಿಗ್ಗೆ ಅಲೋಯಿಸ್
ಎಂಬತ್ತೇಳು ಸೆಂಟು ಕಿಟಕಿಯಲ್ಲಿಟ್ಟು
ಟೋಪಿ ಸರಿಮಾಡಿಕೊಂಡು ಹೋದ.

ಚೆಂದದ ಗಾಡಿ ಎನ್ನಲಾರೆ.
ಮದುವೆ ಮನೆಗೆ ಕರೆಯದೆ ಬಂದವರಂತೆ ಪೆಟ್ರೋಲು ಕುಡಿಯುತ್ತಿತ್ತು.
ಚಳಿಗಾಲದಲ್ಲಿ ಬಾನೆಟ್ಟಿಗೆ ಕಂಬಳಿ ಹೊದಿಸಿ
ಅಡಿಗೆ ಕೆಂಡದ ಬಾಣಲೆ ಸರಿಸಿ
ಬೈಗುಳ ಜರ್ಮನಿನಲ್ಲೇ ಬೈದರೆ ಮಾತ್ರ
ಕಣ್ಣು ಬಿಡುತ್ತಿತ್ತು.
ಕಾಲಡಿಯ ತೂತಿನಲ್ಲಿ ರಸ್ತೆ ಕಾಣುತ್ತಿತ್ತು.

ಅದು ನನಗೆ ಗೊತ್ತು, ಏಕೆಂದರೆ ಒಮ್ಮೆ ಕೂತಿದ್ದೆ.
ಹಿಮಗಾಳಿ ಎದ್ದ ಸಂಜೆ,
ಹೊಸ ಕಾರುಗಳೆಲ್ಲ ಚರಂಡಿಯಲ್ಲಿ ಮೂಗು ಹುದುಗಿಸಿದ್ದಾಗ,
ಮೊದಲ ಗೇರಿನಲ್ಲಿ, ಕಲ್ಲಿನ ಬೇಲಿಗಂಬ ಒಂದೊಂದೇ ಎಣಿಸುತ್ತ
ಎಂಟು ಮೈಲಿಗೆ ಎರಡು ಗಂಟೆ.
ಮಾತಿಲ್ಲ. ಆ ಎಂಜಿನ್ನು
ಯಾರಿಗೂ ಮಾತಾಡಗೊಡುತ್ತಿರಲಿಲ್ಲ.
ನಡುವೆ ನಾಯಿ.
ಗೇರಿನ ಕೋಲಿನ ನಡುಕ ಮಾತ್ರ
ಅವನ ಅಂಗೈಯಿಂದ ನನ್ನ ಮೊಣಕಾಲಿಗೆ, ಎಂಟು ಮೈಲಿ.
ಬಾಗಿಲಲ್ಲಿ ಇಳಿಸಿದ. ‘ಫ್ರೀಡಾ, ಮೆಟ್ಟಿಲು ಜಾರುತ್ತದೆ’ ಎಂದ.
ಅಷ್ಟೆ.

ಕಳೆದ ಗುರುವಾರ ಗುಜರಿಯ ಎಫ್ರೇನ್
ಸರಪಳಿ ಬಿಗಿದು ಎಳೆದು ತಂದ.
ದೀಪ ಒಂದೇ ಕಣ್ಣು. ಚಕ್ರದಲ್ಲಿ ಗಾಳಿಯಿಲ್ಲ.
ಹಿಂದಿನ ತೊಟ್ಟಿಯ ಬಿರುಕಿನಲ್ಲಿ
ಯಾವ ಸುಗ್ಗಿಯದೋ ಗೋಧಿ, ಗೇಣುದ್ದ ಮೊಳೆತು.
ತೂಗಿದೆ.
ನಾಲ್ಕು ಸಾವಿರದ ಇನ್ನೂರಾ ಅರವತ್ತು.

ಮುನ್ನೂರಾ ಅರವತ್ತು ಕಡಿಮೆ.
ಬೆರಳು ತಾನೇ ಪೆನ್ಸಿಲು ಹಿಡಿಯಿತು.
ಅಲೋಯಿಸ್, ಕಾಯಿಲೆ ಬೀಳುವ ಮುಂಚೆ: ನೂರಾ ತೊಂಬತ್ತು.
ಮುಟ್ಸ್: ನಲವತ್ತು.
ಅರ್ಧ ಟ್ಯಾಂಕು ಪೆಟ್ರೋಲು: ಐವತ್ತು.
ಲಡ್ಡಾಗಿ ಉದುರಿದ ಪಕ್ಕದ ಹಲಗೆ: ನಲವತ್ತು.
ಆದರೂ ನಲವತ್ತು ಬಾಕಿ,
ಇನ್ನೊಂದು ನಾಯಿಯಷ್ಟು.

‘ತುಕ್ಕು ಅಮ್ಮಾ,’ ಅಂದ ಎಫ್ರೇನ್, ‘ಗಾಳಿಗೆ ಹೋಗಿರುತ್ತೆ.’
ಬಾನೆಟ್ಟು ಎತ್ತಿ ಎಂಜಿನ್ನಿಗೆ ಗೆಣ್ಣಿನಿಂದ ತಟ್ಟಿದ,
ಕಲ್ಲಂಗಡಿ ಕೊಳ್ಳುವವರು ತಟ್ಟುವ ಹಾಗೆ.
‘ಇದೊಂದನ್ನು ಕರಗಿಸುವುದಿಲ್ಲ, ಇದಕ್ಕಿನ್ನೂ ಜೀವ ಇದೆ.’

ಚೀಟಿಯ ಕೆಳಗೆ ಎಂದಿನಿಂದಲೂ ಎರಡು ಚೌಕ:
ಚಾಲಕ ಒಳಗೆ. ಚಾಲಕ ಹೊರಗೆ.
ಒಳಗೆ ಎಂಬಲ್ಲಿ ಗೆರೆ ಎಳೆದೆ.
ಅವನು ಓದಲಿಲ್ಲ,
ಮಡಿಸಿ ಜೇಬಿಗಿಟ್ಟು ಸರಪಳಿ ಬಿಗಿದ.