ಸೊನ್ನೆ ಫಲಿತಾಂಶ

ಕಾಗದನಗರದ ನಮ್ಮ ಶಾಲೆಗೆ
ಹತ್ತು ಟ್ಯಾಬ್ಲೆಟ್ ಬಂದವು, ಥರ್ಮೋಕೋಲಿನೊಳಗೆ.
ಜೊತೆಗೊಂದು ಹುಡುಕುಪೆಟ್ಟಿಗೆ, ಶಾಲೆಗೆಂದೇ ಮಾಡಿದ್ದು:
ಮಕ್ಕಳಿಗೊಂದು ಬಾಗಿಲು, ಶಿಕ್ಷಕರಿಗೊಂದು.
ಕಸ ಬರೋದಿಲ್ಲ ಮೇಡಂ, ಸೋಸಿಯೇ ಕೊಡುತ್ತೆ
ಎಂದ ತರಬೇತಿಗೆ ಬಂದ ಹುಡುಗ,
ಸಂತೆಯಲ್ಲಿ ಜರಡಿ ಮಾರುವವನ ಹಾಗೆ.

ಮಿಲ್ಲು ನಿಂತ ಮೇಲೆ ಊರಲ್ಲಿ ವಾಸನೆಯಿಲ್ಲ.
ಮೊದಲು ಗಾಳಿ ತಿರುಗಿದರೆ ಕೊಳೆತ ಕೋಸಿನ ನಾತ,
ಬೈಯುತ್ತಿದ್ದೆವು.
ಈಗ ಈ ಶುದ್ಧ ಗಾಳಿಯಲ್ಲಿ ಏನೋ ಕಡಿಮೆ.

ಎಂಟನೇ ತರಗತಿ, ಬುಧವಾರ, ಮೂರನೇ ಪೀರಿಯಡ್.
'ಸಸ್ತನಿ' ಹುಡುಕಿ, ಅಂದೆ.
ಹತ್ತು ಪರದೆಗಳೂ ಒಟ್ಟಿಗೆ ಅಂದವು:
ಸೊನ್ನೆ ಫಲಿತಾಂಶ. ಬೇರೆ ಪದ ಪ್ರಯತ್ನಿಸಿ.

ಪ್ರಯತ್ನಿಸಿದರು.
ತಿಮಿಂಗಿಲ ಬಂತು, ಪರದೆ ಸಾಲದಷ್ಟು ನೀಲಿ.
ಬಾವಲಿ ಬಂತು, ತಲೆಕೆಳಗಾಗಿ;
ಇರ್ಷಾದ್ ಟ್ಯಾಬ್ಲೆಟ್ಟನ್ನೇ ತಿರುವಿದ, ಚಿತ್ರವೂ ತಿರುಗಿತು,
ಬಾವಲಿ ಮತ್ತೆ ತಲೆಕೆಳಗೆ.
ಚಿಪ್ಪುಹಂದಿ, ನೀರುನಾಯಿ, ಸಕ್ರೆಬೈಲಿನ ಆನೆ,
ಕರೆದವರೆಲ್ಲ ಬಂದರು.
ಕುಲದ ಹೆಸರು ಹಿಡಿದು ಕೂಗಿದರೆ ಮಾತ್ರ
ಯಾರೂ ಮನೆಯಲ್ಲಿಲ್ಲ.

ನೆಟ್‌ವರ್ಕ್ ಇರಬೇಕು, ಅಂದೆ.
ಅಲ್ಲ ಮಿಸ್, ಅಂದಳು ಶೆಣ್ಬಗ,
ಮಿಲ್ ಕ್ಯಾಂಟೀನಿನಲ್ಲಿದ್ದ ವೀರಮಣಿಯ ಮಗಳು,
ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡದವಳು.
ಅದು ಒಳಗಿರೋ ಪದ ನೋಡ್ತದೆ.
'ಸ' ತೆಗೀರಿ.

ಬೋರ್ಡಿನ ಮೇಲೆ ಬರೆದೆ:
ಸ, ಒಂದು ಗೆರೆ, ಉಳಿದದ್ದು.
ಹಿಂದೆ ಯಾರೋ ಕಿಸಕ್ಕೆಂದರು.
ಇಪ್ಪತ್ತಮೂರು ವರ್ಷ ಕಲಿಸಿದ ಪದ,
ನಾನೇ ಒಡೆದು ನೋಡಿರಲಿಲ್ಲ.
ಮದುವೆ ಕಾಗದದಲ್ಲಿ 'ಸಕುಟುಂಬ ಸಪರಿವಾರ' ಅಂತಿರುತ್ತದಲ್ಲ,
ಅದೇ 'ಸ', ಅಂದೆ. ಕೂಡಿದ್ದು ಅಂತ.
ಮೊಲೆಯುಳ್ಳದ್ದು, ಮೊಲೆಯುಣಿಸುವುದು.
ನೀವು, ನಾನು, ತಿಮಿಂಗಿಲ.
ನಗು ಸ್ವಲ್ಪ ಹೊತ್ತು ಇತ್ತು.
ಆಮೇಲೆ ಬರೆದುಕೊಳ್ಳುವ ಸದ್ದು.
ಶೆಣ್ಬಗ ಬರೆದುಕೊಳ್ಳಲಿಲ್ಲ.

ಶಾಲೆ ಬಿಟ್ಟ ಮೇಲೆ ನನ್ನ ಬಾಗಿಲಿಂದ ಒಳಹೊಕ್ಕೆ.
ಶಿಕ್ಷಕರಿಗೆ ಮಾತ್ರ ಕಾಣುವ ಪಟ್ಟಿಯೊಂದಿದೆ ಅಲ್ಲಿ:
ಯಾರು ಏನು ಹುಡುಕಿದರು, ಏನು ಸಿಕ್ಕಿತು.
ತರಬೇತಿಯಲ್ಲಿ ತೋರಿಸಿದ್ದರು;
ನಾನು ಆಗ ಬೋಂಡಾ ತಿನ್ನುತ್ತಿದ್ದೆ.

ಕ್ರಿಕೆಟ್ ಲೈವ್: ಸೊನ್ನೆ.
ದೆವ್ವ ಇದೆಯಾ: ಸೊನ್ನೆ.
ಮಿಲ್ಲು ಯಾವಾಗ ಓಪನ್: ಸೊನ್ನೆ.
ಏಳನೇ ನಂಬರ್ ಟ್ಯಾಬ್ಲೆಟ್, ಹೋದ ಗುರುವಾರ, ಊಟದ ಬಿಡುವು:
ಸ್ತನ ಗಂಟು.
ಸ್ತನದಲ್ಲಿ ಗಂಟು ನೋವಿಲ್ಲ.
ಮೊಲೆ ಗಂಟು.
ಸೊನ್ನೆ, ಸೊನ್ನೆ, ಸೊನ್ನೆ.
ಅಮ್ಮ ಗಂಟು ಏನು ಮಾಡಬೇಕು.
ಕೊನೆಯದಕ್ಕೆ ಸಿಕ್ಕಿತ್ತು ಒಂದು:
ಸ್ಕೌಟ್ ವಿಭಾಗ, ಹಗ್ಗದ ಗಂಟುಗಳು, ಚಿತ್ರಸಹಿತ.

'ಸಲಹೆ ಕಳಿಸಿ' ಎಂಬ ಚೌಕದಲ್ಲಿ
ನಡೆದದ್ದೆಲ್ಲ ಬರೆದು ಒತ್ತಿದೆ.
ನಿಮ್ಮ ಸಂದೇಶದಲ್ಲಿ ಅನುಚಿತ ಪದವಿದೆ.
ಬೀರು ತೆಗೆದೆ. ಮಿಲ್ಲಿನ ಕಾಲದ ಅರ್ಧ ರೀಮು,
ಅಂಚು ಹಳದಿ. ಶಾಯಿ ಸ್ವಲ್ಪ ಹರಡಿತು,
ಪದ ನಿಂತಿತು.

ಮಡಚಿ ಚೀಲದಲ್ಲಿಟ್ಟು ಅವರ ಮನೆಗೆ ನಡೆದೆ.
ಏನಿಲ್ಲ ಟೀಚರ್, ಅಂದಳು ತಾಯಿ,
ಇವಳು ಸುಮ್ನೆ ಹೆದರ್ತಾಳೆ. ಕಾಫಿ ತಗೊಳ್ಳಿ.
ಎಷ್ಟು ದಿನದಿಂದ?
ಯುಗಾದಿಯಿಂದ, ಅಂದಳು ಮಗಳು, ಒಲೆಯ ಕಡೆಯಿಂದ.
ನಾವು ಮಾತಾಡುತ್ತಿದ್ದದ್ದು ದಸರೆಯ ರಜಕ್ಕೆ ನಾಲ್ಕು ದಿನ ಮುಂಚೆ.

ಸೋಮವಾರ ರಜೆ ಹಾಕಿ ಶಿವಮೊಗ್ಗದ ಬಸ್ಸು ಹತ್ತಿದೆವು,
ಕಿಟಕಿ ಪಕ್ಕ ಆಕೆ, ಸೆರಗು ಎರಡು ಸುತ್ತು.
ಮೆಗ್ಗಾನ್ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ
ಏನು ತೊಂದರೆ, ಕೇಳಿದ ಒಳಗಿನವ, ತಲೆಯೆತ್ತದೆ.
ಆಕೆ ನನ್ನನ್ನು ನೋಡಿದಳು.
ನಾನು, ವಿಜ್ಞಾನದ ಟೀಚರು, ಗಂಟಲು ಸರಿಮಾಡಿಕೊಂಡೆ.
ಹಿಂದೆ ಸಾಲಿನಲ್ಲಿ ಹದಿನೈದು ಜನ.

ಶೆಣ್ಬಗ ಕಿಂಡಿಗೆ ಮುಖವಿಟ್ಟು
ಹೇಳಿದಳು ಆ ಪದ, 'ಸ' ಇಲ್ಲದೆ.

ಅವನು ಬರೆದುಕೊಂಡ.
ಕೊಠಡಿ ಹನ್ನೊಂದು, ಅಂದ. ಮುಂದಿನವರು.